ಪಾಸಿಟಿವ್ ಬಂದವನ ಕಾಫಿ

ಜರಗನಹಳ್ಳಿ
16 ಆಗಸ್ಟ್ 2021

ಚಲುವ,

ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೀಯ. ಎತ್ತಬೇಡ ಹೋಗು. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಕಾಗದ. ಕವರು ಕೊಳ್ಳಲು ಹೋದಾಗ ಪೋಸ್ಟಾಫೀಸಿನ ಹುಡುಗಿ ಯಾವೂರಿಗೆ ಎಂದು ಕೇಳಿದಳು. ಸುಬ್ರಹ್ಮಣ್ಯಪುರ ಎಂದೆ. "ಅಯ್ಯೋ ಅಂಕಲ್, ನಡ್ಕೊಂಡ್ ಹೋದ್ರೂ ಇದಕ್ಕಿಂತ ಬೇಗ ಹೋಗ್ತೀರ" ಎಂದು ನಕ್ಕಳು. ನನ್ನ ಕಷ್ಟ ಅವಳಿಗೇನು ಗೊತ್ತು.

ಅವತ್ತು ನಡೆದದ್ದನ್ನು ನಾನೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ನಾನು ಗೇಟಿನ ಒಳಗೆ ಪೇಪರ್ ಓದುತ್ತಾ ಕೂತಿದ್ದೆ. ಲಾಕ್‌ಡೌನ್ ಶುರುವಾದಾಗಿನಿಂದ ಮುಖ ತೋರಿಸದ ನೀನು ಇಸ್ತ್ರಿ ಶರ್ಟು ಹಾಕಿಕೊಂಡು ಮದುವೆ ಗಂಡಿನ ಹಾಗೆ ಬಂದೆ. ಮೊಬೈಲು ಮೇಲೆತ್ತಿ, "ಬೈರ, ಬ್ಲಡ್ ಟೆಸ್ಟ್ ಮಾಡಿಸ್ದೆ, ಪಾಸಿಟಿವ್ ಬಂತು ಕಣೋ!" ಎಂದು ಹಲ್ಲು ಕಿರಿದೆ. ಪಾಸಿಟಿವ್ ಬಂದವನು ನಗುತ್ತಾನೇನೋ? ನಮ್ಮ ಜೊತೆ ಕಬಡ್ಡಿ ಆಡುತ್ತಿದ್ದ ಗಂಗಯ್ಯ ಮೇ ತಿಂಗಳಲ್ಲಿ ಹೋದ. ಅವನ ಮುಖವನ್ನೂ ಯಾರಿಗೂ ತೋರಿಸಲಿಲ್ಲ. ಆ ಹೆದರಿಕೆ ಇನ್ನೂ ಎದೆಯಲ್ಲೇ ಇದೆ. "ಅಲ್ಲೇ ನಿಂತ್ಕೊ, ಗೇಟ್ ಮುಟ್ಬೇಡ" ಎಂದು ಕೂಗಿದ್ದು ನಿಜ. ನಿನ್ನ ಜಾಗದಲ್ಲಿ ನನ್ನ ಮಗ ರಘು ನಿಂತಿದ್ದರೂ ಅದನ್ನೇ ಕೂಗುತ್ತಿದ್ದೆ.

ನಮ್ಮ ಮನೆಯವಳು ಮರಿಯಮ್ಮ, "ಅಣ್ಣಂಗೆ ಕಾಫಿನಾದ್ರೂ ಕೊಡ್ತೀನಿ" ಎಂದು ಲೋಟ ಹಿಡಿದು ಬಂದಳು. ಪೇಪರ್ ಕಪ್ಪಿನಲ್ಲಿ ಕೊಡು, ಗೇಟಿನ ಮೇಲಿಂದ ಕೊಡು ಎಂದು ನಾನೇ ಹೇಳಿದೆ. ಹಾಗೆಯೇ ಕೊಟ್ಟಳು. ನೀನು ಕಪ್ಪನ್ನು ಒಂದು ಸಲ ನೋಡಿದೆ, ಕಾಂಪೌಂಡ್ ಗೋಡೆಯ ಮೇಲಿಟ್ಟೆ, ಹೊರಟೇ ಹೋದೆ. ಒಂದು ಮಾತು ಬೇಡವೇನೋ?

ಜ್ವರ ಇದೆಯಾ? ಊಟ ಸೇರುತ್ತಾ? ನಿನ್ನ ಮಗಳು ವನಿತಾ ಲ್ಯಾಬಿನಲ್ಲೇ ಕೆಲಸ ಮಾಡುವವಳು, ಅಪ್ಪನನ್ನು ಊರು ಸುತ್ತಲು ಯಾಕೆ ಬಿಟ್ಟಳು ಎಂದು ಕೇಳು. ಎರಡು ಸಾಲು ಬರೆ ಸಾಕು, ಜೀವಕ್ಕೆ ಸಮಾಧಾನವಾಗುತ್ತದೆ.

ನಿನ್ನ
ಚಿಕ್ಕಬೈರಪ್ಪ


ಸುಬ್ರಹ್ಮಣ್ಯಪುರ
2 ಸೆಪ್ಟೆಂಬರ್ 2021

ಶ್ರೀ ಚಿಕ್ಕಬೈರಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನನಗೆ ಜ್ವರವಿಲ್ಲ, ಕೆಮ್ಮಿಲ್ಲ. ಊಟ ಸೇರುತ್ತಿದೆ.

ಅವತ್ತು ನಾನು ಕಾಯಿಲೆ ಹೇಳಿಕೊಳ್ಳಲು ಬಂದಿರಲಿಲ್ಲ. ಯಾಕೆ ಬಂದೆ ಎಂದು ಕೇಳುವ ತಾಳ್ಮೆ ನಿಮಗಿರಲಿಲ್ಲ, ನಿಂತು ಹೇಳುವ ಮನಸ್ಸು ಆಮೇಲೆ ನನಗೂ ಉಳಿಯಲಿಲ್ಲ. ತಿದ್ದು ಎಂದು ಬರೆದಿದ್ದೀರಿ, ಆದ್ದರಿಂದ ಒಂದು ತಿದ್ದುಪಡಿ. ನಾನು ಗೇಟು ಮುಟ್ಟಿರಲಿಲ್ಲ.

ಮರಿಯಮ್ಮನವರಿಗೆ ನಮಸ್ಕಾರ ತಿಳಿಸಿ.

ಇಂತಿ
ಚಲುವರಾಜು
ನಿವೃತ್ತ ಕಂಡಕ್ಟರ್


ಜರಗನಹಳ್ಳಿ
11 ಅಕ್ಟೋಬರ್ 2021

ಲೋ ಚಲುವ,

ಯಾರಪ್ಪ ಅದು ಶ್ರೀ ಚಿಕ್ಕಬೈರಪ್ಪನವರು? ಸತ್ತ ನಮ್ಮಪ್ಪ ಬಂದು ಬೆನ್ನ ಹಿಂದೆ ನಿಂತಿದ್ದಾನೇನೋ ಎಂದು ತಿರುಗಿ ನೋಡಿದೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಮೇಷ್ಟ್ರ ಕೈಯಲ್ಲಿ ಏಟು ತಿಂದವರು ನಾವು. ನೀನು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಈ 'ನೀವು' ಗಂಟಲಲ್ಲಿ ಸಿಕ್ಕಿಕೊಂಡಿದೆ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಮರಿಯಮ್ಮನಿಗೆ ಓದಿ ಹೇಳಿದೆ. ಅವಳು, "ರೀ, ಅಣ್ಣಂಗೆ ಸಿಟ್ಟು ಬಂದಿರೋದು ಗೇಟ್ ಹಾಕಿದ್ದಕ್ಕಲ್ಲ, ಕಪ್ಪಿಗೆ. ಅವರಪ್ಪಂಗೆ ನಿಮ್ಮವ್ವ ಚಿಪ್ಪಲ್ಲಿ ಕಾಫಿ ಹುಯ್ತಿದ್ರಂತಲ್ಲ, ಅದು ನೆನಪಾಗಿರತ್ತೆ" ಎಂದಳು. ಅದಕ್ಕೂ ಇದಕ್ಕೂ ಏನೇ ಸಂಬಂಧ ಎಂದು ರೇಗಿದೆ. ನಿನ್ನಪ್ಪ ನಮ್ಮ ರಾಗಿ ಹೊಲದಲ್ಲಿ ದುಡಿದು ಬಂದು ಬೇಲಿಯ ಹೊರಗೆ ಕೂತು ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಿದ್ದದ್ದು ನಿಜ. ಆದರೆ ಆ ಚಿಪ್ಪನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಟ್ಟಿ ಒಡೆದವನು ಯಾರು? ನಾನು. ಅದಕ್ಕೆ ಅಪ್ಪನ ಬಾರುಕೋಲಿನ ಏಟು ತಿಂದವನು ಯಾರು? ನಾನೇ. ಆಮೇಲೆ ನಮ್ಮ ಮನೆಯಲ್ಲಿ ನೀನು ಸ್ಟೀಲ್ ಲೋಟ ಬಿಟ್ಟು ಬೇರೆಯದರಲ್ಲಿ ಕುಡಿದದ್ದುಂಟಾ? ಒಂದು ದಿನದ ಪೇಪರ್ ಕಪ್ಪಿಗೆ ಅಷ್ಟನ್ನೂ ಮರೆತೆಯಾ?

ಹೋಗಲಿ, ಒಳ್ಳೆಯ ಸುದ್ದಿ ಕೇಳು. ಕೀಲುವಾತಕ್ಕೆ ಮಾತ್ರೆ ನುಂಗುತ್ತೇನಲ್ಲ, ಅದರ ತಪಾಸಣೆಗೆ ರಕ್ತ ಕೊಡಲು ಹೋದಾಗ ರಘು ಲ್ಯಾಬಿನವರಿಗೆ, "ಕೋವಿಡ್‌ದೂ ಒಂದು ಮಾಡ್ಬಿಡಿ" ಎಂದ. ನೀನು ಮಾಡಿಸಿದ ಹಾಗೆಯೇ ರಕ್ತದಲ್ಲಿ ನೋಡುವುದು. ಸಂಜೆ ಅವನ ಮೊಬೈಲಿಗೆ ಬಂತು. "ಅಪ್ಪ, ನೆಗೆಟಿವ್! ಸೂಪರ್!" ಎಂದು ಮಹಡಿಯಿಂದಲೇ ಕೂಗಿದ. ಮುಂದೆ ಯಾವುದೋ ಸಂಖ್ಯೆ ಇತ್ತು, ಹೆಚ್ಚುಕಡಿಮೆ ಸೊನ್ನೆ. ರೋಗದ ಲವಲೇಶವೂ ಇಲ್ಲ! ಮಾರಮ್ಮನ ಗುಡಿಗೆ ಹೋಗಿ ತೆಂಗಿನಕಾಯಿ ಒಡೆಸಿದೆ. ಮಾಸ್ಕನ್ನು ಮೊಳೆಗೆ ನೇತುಹಾಕಿದೆ. ಮರಿಯಮ್ಮನಿಗೆ ಲಸಿಕೆಯ ಎರಡನೇ ಸೂಜಿ ಬಾಕಿ ಇದೆ. ಮೊದಲನೆಯದಕ್ಕೆ ಚಳಿಜ್ವರ ಬಂದು ಮಲಗಿದಾಗಿನಿಂದ ಅದರ ಹೆಸರೆತ್ತಿದರೆ ನಡುಗುತ್ತಾಳೆ, ಮೇಲೆ ಸಕ್ಕರೆ ಕಾಯಿಲೆ ಬೇರೆ. "ನಂಗೇ ನೆಗೆಟಿವ್ ಅಂದ್ಮೇಲೆ ಮನೇಲಿ ಏನೂ ಇಲ್ಲ ಅಂತಾಯ್ತಲ್ಲ, ನಿಂಗ್ಯಾಕೆ ಬಿಡು" ಎಂದೆ. ಬದುಕಿದೆ ಎನ್ನುವ ಹಾಗೆ ನಕ್ಕಳು.

ನಿನ್ನದು ಈಗ ನೆಗೆಟಿವ್ ಆಯಿತಾ? ಆಗಿದ್ದರೆ ಆಯುಧಪೂಜೆಗೆ ಬಾ. ಗೇಟು ತೆರೆದೇ ಇರುತ್ತದೆ.

ನಿನ್ನ
ಬೈರ


ಸುಬ್ರಹ್ಮಣ್ಯಪುರ
19 ಅಕ್ಟೋಬರ್ 2021
(ಅಂಚೆಗೆ ಹಾಕಿಲ್ಲ)

ಬೈರ,

'ಚಿಕ್ಕಬೈರಪ್ಪನವರೇ' ಎಂದು ಬರೆದು ಹೊಡೆದುಹಾಕಿದ್ದೇನೆ. ಈಗ ಹೇಳುವ ವಿಷಯ 'ನೀವು' ಎಂದು ಹೇಳುವಂಥದ್ದಲ್ಲ.

ಅವತ್ತು ನಾನು ತಂದದ್ದು ಕಾಯಿಲೆಯ ರಿಪೋರ್ಟ್ ಅಲ್ಲ. ಲಸಿಕೆ ಹಾಕಿಸಿಕೊಂಡ ಮೇಲೆ ಮೈಯಲ್ಲಿ ಅದಕ್ಕೆ ತಕ್ಕ ಕಾವಲು ಹುಟ್ಟಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ. ಆ ಕಾವಲಿಗೆ ಆಂಟಿಬಾಡಿ ಎನ್ನುತ್ತಾರೆ. ರಿಪೋರ್ಟ್ ಬಂದಾಗ ನಾನೂ ನಿನ್ನ ಹಾಗೆಯೇ ಮೋಸ ಹೋದೆ. ಪಾಸಿಟಿವ್ ಎಂದು ಓದಿ ಹಾಸಿಗೆ ಸುತ್ತಿಕೊಂಡು, ಚೊಂಬು ಹಿಡಿದುಕೊಂಡು, ಮಹಡಿ ರೂಮಿಗೆ ಹೊರಟಿದ್ದೆ. ವನಿತಾ ಬಿದ್ದು ಬಿದ್ದು ನಕ್ಕಳು. "ಅಪ್ಪ, ಇದ್ರಲ್ಲಿ ಪಾಸಿಟಿವ್ ಅಂದ್ರೆ ಒಳ್ಳೇದು! ವ್ಯಾಕ್ಸಿನ್ ಕೆಲ್ಸ ಮಾಡಿದೆ ಅಂತ" ಎಂದಳು. ಈ ಕಥೆ ಹೇಳಿ ನಿನ್ನನ್ನು ನಗಿಸೋಣ ಎಂದೇ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬಂದೆ. ನಗುವುದಕ್ಕೆ ಮೊದಲೇ ನೀನು ಕೂಗಿಬಿಟ್ಟೆ.

ಈಗ ನಿನ್ನ ನೆಗೆಟಿವ್ ಸಮಾಚಾರ. ಅದು ತೆಂಗಿನಕಾಯಿ ಒಡೆಸುವ ಸುದ್ದಿಯಲ್ಲ ಬೈರ. ಎರಡು ಸೂಜಿ ಚುಚ್ಚಿಸಿಕೊಂಡರೂ ನಿನ್ನ ಮೈ ಕಾವಲು ಹುಟ್ಟಿಸಿಲ್ಲ ಎಂದು ಅದರ ಅರ್ಥ. ನಿನ್ನ ಕಾಗದ ಓದಿ ವನಿತಾ ಮುಖ ಸಣ್ಣ ಮಾಡಿಕೊಂಡಳು. ಕೀಲುನೋವಿನ ಕೆಲವು ಮಾತ್ರೆಗಳು ಲಸಿಕೆಯನ್ನು ಹಿಡಿಯಲು ಬಿಡುವುದಿಲ್ಲವಂತೆ. "ದೊಡ್ಡಪ್ಪ ಡಾಕ್ಟರ್‌ಗೆ ತೋರಿಸ್ಬೇಕು, ಮಾಸ್ಕ್ ತೆಗೀಲೇಬಾರ್ದು. ದೊಡ್ಡಮ್ಮ ಸೆಕೆಂಡ್ ಡೋಸ್ ಬಿಡ್ಲೇಬಾರ್ದು. ಅಪ್ಪ, ಈಗ್ಲೇ ಫೋನ್ ಮಾಡು" ಎಂದು ಕೈಗೆ ಮೊಬೈಲು ಕೊಟ್ಟಳು. ಇನ್ನೂ ಒಂದು ಹೇಳಿದಳು. ಆ ಸಂಖ್ಯೆ ಪರೀಕ್ಷೆಯ ಮಾರ್ಕ್ಸ್ ಅಲ್ಲವಂತೆ, ಹೆಚ್ಚು ಬಂದವನು ಮೆರೆಯುವ ಹಾಗಿಲ್ಲವಂತೆ. ಅಂದರೆ ನಾನೂ ಅವತ್ತು ಮಾಸ್ಕು ಜೇಬಿಗಿಟ್ಟು ನಿನ್ನ ಮನೆಗೆ ಬರಬಾರದಿತ್ತು. ಗೇಟು ಹಾಕಿದ್ದು ಸರಿಯೇ ಇತ್ತೇನೋ. ಕೂಗಿದ್ದು ಸರಿಯಿರಲಿಲ್ಲ.

ನಾನು ಫೋನ್ ಮಾಡಲಿಲ್ಲ. ನೀನು ಅಷ್ಟುದ್ದ ಕಾಗದ ಬರೆದೆ, ಅದರಲ್ಲಿ 'ತಪ್ಪಾಯ್ತು' ಎನ್ನುವ ಒಂದು ಮಾತಿಲ್ಲ. ಚಿಪ್ಪು ಒಡೆದದ್ದನ್ನು ಮಾತ್ರ ನೆನಪಿಸಿದ್ದೀಯ. ಅದನ್ನು ನಾನು ಮರೆತವನಲ್ಲ. ನಿನ್ನ ಬೆನ್ನಿನ ಬಾಸುಂಡೆಗೆ ಹರಳೆಣ್ಣೆ ಹಚ್ಚಿದವನು ನಾನೇ. ಅದಕ್ಕೇ ಇಷ್ಟು ನೋವು. ಬೇರೆಯವರ ಮನೆಯಲ್ಲಿ ಆಗಿದ್ದರೆ ಥೂ ಎಂದು ಬಂದುಬಿಡುತ್ತಿದ್ದೆ. ನಿಮ್ಮವ್ವ ನಮ್ಮಪ್ಪನಿಗೆ ಹೇಳುತ್ತಿದ್ದದ್ದೂ ಅವೇ ಮಾತು: "ಅಲ್ಲೇ ನಿಂತ್ಕೊ, ಮುಟ್ಬೇಡ." ಅದೇ ಜಾಗ, ಆಗ ಮುಳ್ಳುಬೇಲಿ, ಈಗ ಕಬ್ಬಿಣದ ಗೇಟು. ಚಿಪ್ಪು ಹೋಯಿತು, ಕಪ್ಪು ಬಂತು.

ದೀಪಾವಳಿಯೊಳಗೆ ನೀನು ಬಂದು ಆ ಒಂದು ಮಾತು ಆಡಿದರೆ ಇದನ್ನೆಲ್ಲ ಬಾಯಲ್ಲೇ ಹೇಳುತ್ತೇನೆ. ಬರದಿದ್ದರೆ ಅಂಚೆಗೆ ಹಾಕುತ್ತೇನೆ. ಈಗಂತೂ ಕಾಯಿಲೆ ಇಳಿದಿದೆ, ಅಷ್ಟರಲ್ಲಿ ಏನಾಗುತ್ತದೆ.

ಚಲುವ


ಜರಗನಹಳ್ಳಿ
28 ಡಿಸೆಂಬರ್ 2021

ಚಲುವ,

ಆಯುಧಪೂಜೆಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ. ಈಗ ಮದುವೆ. ಮಗಳು ಮಧುಶ್ರೀಯದು. ನಿನ್ನ ಬಸ್ಸಿನಲ್ಲಿ ನಿನ್ನ ಸೀಟಿಯನ್ನು ಕಿತ್ತುಕೊಂಡು "ರೈಟ್ ರೈಟ್" ಎಂದು ಕೂಗುತ್ತಿದ್ದ ಹುಡುಗಿ. ಸಂಕ್ರಾಂತಿ ಕಳೆದ ಮೇಲೆ, ಕನಕಪುರ ರಸ್ತೆಯ ಚೌಲ್ಟ್ರಿಯಲ್ಲಿ. ಲಗ್ನಪತ್ರಿಕೆ ಇದರ ಜೊತೆಗಿದೆ. ಮತ್ತೆ ಹೊಸ ಕಾಯಿಲೆ ಬಂದಿದೆಯಂತೆ, ಜನ ಕಡಿಮೆ ಮಾಡಿ ಎನ್ನುತ್ತಾರಂತೆ. ಹತ್ತೇ ಜನ ಎಂದರೂ ಅದರಲ್ಲಿ ನೀನೊಬ್ಬ.

ಎಲ್ಲ ಮನೆಗೂ ನಾನೂ ಮರಿಯಮ್ಮನೂ ಹೋಗಿ ಕುಂಕುಮ ಇಟ್ಟು ಕರೆದೆವು. ನಿನ್ನ ಮನೆಗೆ ಬರಲು ಎರಡು ಸಲ ಹೊರಟೆ. ಬಾಗಿಲಲ್ಲಿ ನೀನು 'ಬನ್ನಿ, ಕೂತುಕೊಳ್ಳಿ' ಎಂದುಬಿಟ್ಟರೆ ಏನು ಮಾಡಲಿ ಎಂದು ಧೈರ್ಯ ಬರಲಿಲ್ಲ. ಕೆಳಗೆ ಮರಿಯಮ್ಮ ಏನೋ ಬರೆಯಬೇಕಂತೆ, ಪೆನ್ನು ಕೊಡುತ್ತಿದ್ದೇನೆ.

ಬೈರ

ಅಣ್ಣ, ಕಪ್ಪಲ್ಲಿ ಕೊಟ್ಟಿದ್ದು ನಾನು. ಲೋಟ ಕೈಯಲ್ಲೇ ಇತ್ತು, ಅವ್ರು ಬೇಡ ಅಂದ್ರು ಅಂತ ಒಳಗಿಟ್ಟೆ. ಇಡಬಾರ್ದಿತ್ತು. ನಿಮ್ಮ ಲೋಟ ತೊಳ್ದು ಬೋರಲು ಹಾಕಿದೀನಿ, ಬೇರೆ ಯಾರಿಗೂ ಕೊಟ್ಟಿಲ್ಲ. ವನಿತಾನ ಕರ್ಕೊಂಡು ಬನ್ನಿ. ಮರಿಯಮ್ಮ


ಸುಬ್ರಹ್ಮಣ್ಯಪುರ
17 ಜನವರಿ 2022

ಬೈರ,

ಮರಿಯಮ್ಮನ ಸಾಲು ಓದಿದ ದಿನವೇ ಹೊರಡಬೇಕಿತ್ತು. ಮದುವೆಗೆ ಒಂದು ವಾರ ಮುಂಚೆ ಬಂದು ಚಪ್ಪರಕ್ಕೆ ಕೈ ಹಾಕೋಣ, ಆಗ ಎಲ್ಲ ಹೇಳೋಣ ಎಂದುಕೊಂಡೆ. ಈಗ ನಮ್ಮ ಮನೆಯಲ್ಲಿ ನನಗೂ ವನಿತಾಗೂ ಜ್ವರ. ಈ ಸಲ ನಿಜವಾದ ಪಾಸಿಟಿವ್. ಆಂಟಿಬಾಡಿ ಇದ್ದೂ ಬಂತು ನೋಡು. ನೆಗಡಿಯ ಹಾಗಿದೆ, ಹೋಗುತ್ತದೆ, ಆದರೆ ಮದುವೆಗೆ ಬರುವಂತಿಲ್ಲ. ನಿನ್ನೆಯಿಂದ ನಿನಗೆ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಮೊದಲೇ ಬರೆದದ್ದು. ಮದುವೆಗೆ ಮುಂಚೆ ಓದು, ದಯವಿಟ್ಟು ಓದು. ಚೌಲ್ಟ್ರಿಯಲ್ಲಿ ಮಾಸ್ಕು ತೆಗೆಯಬೇಡ, ಜನರ ಮಧ್ಯೆ ಕೂರಬೇಡ. ಮರಿಯಮ್ಮನನ್ನು ನಾಳೆಯೇ ಕರೆದುಕೊಂಡು ಹೋಗಿ ಎರಡನೇ ಡೋಸ್ ಹಾಕಿಸು. ಪಕ್ಕದ ಮನೆಯ ಕಿಟ್ಟಿಯ ಕೈಲಿ ಅಂಚೆಗೆ ಕಳಿಸುತ್ತಿದ್ದೇನೆ.

ನಿನ್ನ
ಚಲುವ


ಜರಗನಹಳ್ಳಿ
28 ಫೆಬ್ರವರಿ 2022

ಚಲುವ,

ಮರಿಯಮ್ಮ ಇಲ್ಲ.

ಮದುವೆ ಆಗಿ ಮೂರು ದಿನಕ್ಕೆ ನನಗೆ ಜ್ವರ, ನನ್ನ ಹಿಂದೆಯೇ ಅವಳಿಗೆ. ಇಬ್ಬರನ್ನೂ ಒಂದೇ ಆಸ್ಪತ್ರೆಗೆ ಸೇರಿಸಿದರು, ಬೇರೆ ಬೇರೆ ವಾರ್ಡು. ನಾನು ಆಕ್ಸಿಜನ್ ಹಾಕಿಸಿಕೊಂಡು ಬದುಕಿ ಬಂದೆ. ಅವಳ ಸಕ್ಕರೆ ಕೈಗೆ ಸಿಗಲಿಲ್ಲ, ಉಸಿರೂ ಹಿಂದೆ ಬರಲಿಲ್ಲ. ಡಾಕ್ಟರು ನನ್ನ ಹಳೆಯ ರಿಪೋರ್ಟ್ ನೋಡಿ, "ಯಜಮಾನ್ರೆ, ಇದನ್ನ ಯಾರಿಗೂ ತೋರಿಸ್ಲಿಲ್ವಾ?" ಎಂದು ಕೇಳಿದರು. ಮಾರಮ್ಮನಿಗೆ ತೋರಿಸಿದೆ ಎಂದು ಹೇಗೆ ಹೇಳಲಿ? ಗೋಡೆ ಕಡೆ ತಿರುಗಿಕೊಂಡೆ.

ನಿನ್ನ ಕವರು ಮದುವೆಗೆ ಮುಂಚೆಯೇ ಬಂದಿತ್ತಂತೆ. ಮದುವೆ ಮನೆಗೆ ಬಂದ ಕವರೆಲ್ಲ ಮುಯ್ಯಿಯೇ ಎಂದುಕೊಂಡು ಮುಯ್ಯಿ ಚೀಲಕ್ಕೆ ಹಾಕಿ ಬೀರುವಿನಲ್ಲಿಟ್ಟಿದ್ದಾರೆ. ನಾನು ಆಸ್ಪತ್ರೆಯಿಂದ ಬಂದ ಮೇಲೆ ರಘು ಚೀಲ ಬಿಚ್ಚಿದ. ಎಲ್ಲರದ್ದರಲ್ಲೂ ದುಡ್ಡು, ನಿನ್ನದರಲ್ಲಿ ಕಾಗದ. ಫೋನಿನ ವಿಷಯ ಮಾತ್ರ ಬೇರೆ. ನಿನ್ನ ಹೆಸರು ಬಂದದ್ದನ್ನು ಕಣ್ಣಾರೆ ನೋಡಿದೆ. ಆಗಸ್ಟಿನಲ್ಲಿ ನೀನು ಎತ್ತಲಿಲ್ಲವಲ್ಲ, ನೀನೂ ಸ್ವಲ್ಪ ಕಾಯಿ, ಮದುವೆಗೆ ಬಂದಾಗ ಮಾತಾಡಿದರಾಯಿತು ಎಂದು ಜೇಬಿಗೆ ಹಾಕಿಕೊಂಡೆ.

ಹಳೆಯ ಕಾಗದದ ತಾರೀಖು ಅಕ್ಟೋಬರ್ ಹತ್ತೊಂಬತ್ತು. ಅಂಚೆ ಮುದ್ರೆ ಜನವರಿ. ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮನೆಯಲ್ಲಿ ಹನ್ನೊಂದನೇ ದಿನದ ಕಾರ್ಯಕ್ಕೆ ಯಾರಿಗೆ ಹೇಳಬೇಕು ಎಂದು ಮಾತಾಡುತ್ತಿದ್ದರು. ರಘು, "ಚಲುವ ಚಿಕ್ಕಪ್ಪಂಗೆ ಫೋನ್ ಮಾಡ್ತೀನಿ" ಎಂದ. "ಬೇಡ, ಅವನ ಹೆಸರೆತ್ತಬೇಡ" ಎಂದು ಕಿರುಚಿದೆ. ಸುಳ್ಳೇಕೆ ಹೇಳಲಿ, ಆ ದಿನ ನೀನು ಎದುರಿಗೆ ಸಿಕ್ಕಿದ್ದರೆ ನಿನ್ನ ಕೊರಳಪಟ್ಟಿ ಹಿಡಿಯುತ್ತಿದ್ದೆ. ನಿನಗೆ ಗೊತ್ತಿತ್ತು ಕಣೋ!

ಕಾರ್ಯದ ದಿನ ಎಡೆಗೆ ಇಡಲು ಅವಳ ಲೋಟ ಹುಡುಕುತ್ತಾ ಅಡುಗೆಮನೆಗೆ ಹೋದೆ. ಕಿಟಕಿಯ ಹತ್ತಿರ ನಿನ್ನದು ಬೋರಲಾಗಿಯೇ ಇತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸೂಜಿ ಬೇಡ ಎಂದವನು ನಾನು. ಲೋಟ ಒಳಗಿಡು ಎಂದವನೂ ನಾನು. ನೀನು ಕಾಯುತ್ತಿದ್ದದ್ದು ಒಂದೇ ಮಾತಿಗೆ, ಅದನ್ನು ಆಡದೆ ನಿನಗೆ ಚಿಪ್ಪಿನ ಕಥೆ ಹೇಳಿದೆ.

ತಪ್ಪಾಯ್ತು ಚಲುವ. ಆಗಸ್ಟಿನ ಕಾಗದದಲ್ಲಿ ಬರೆಯಬೇಕಾಗಿದ್ದದ್ದು ಇಷ್ಟೇ.

ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಇನ್ನೊಂದು ಡೋಸ್ ಹಾಕಿದರೂ ನನ್ನ ಮೈ ಹಿಡಿಯುತ್ತದೆ ಎಂಬ ಭರವಸೆ ಇಲ್ಲವಂತೆ, ಯಾರನ್ನೂ ಹತ್ತಿರ ಕೂರಿಸಿಕೊಳ್ಳಬೇಡಿ ಎಂದಿದ್ದಾರೆ. ಅವರು ಏನಾದರೂ ಹೇಳಲಿ. ನೀನು ಬಾ, ಒಳಗೇ ಬಾ. ನಿನ್ನ ಲೋಟದಲ್ಲಿ ನಾನೇ ಕಾಫಿ ಮಾಡಿ ಕೊಡುತ್ತೇನೆ. ಡಿಕಾಕ್ಷನ್ ಹಾಕುವುದನ್ನು ಕಲಿತಿದ್ದೇನೆ, ಕಹಿಯಾಗುತ್ತದೆ.

ಬೈರ


ಸುಬ್ರಹ್ಮಣ್ಯಪುರ
7 ಮಾರ್ಚ್ 2022

ಬೈರ,

ನಿನ್ನ ಕಾಗದವನ್ನು ವನಿತಾ ಓದಿ ಹೇಳಿದಳು. ಮೊದಲ ಸಾಲಿನ ಆಚೆಗೆ ನನ್ನ ಕಣ್ಣು ಹೋಗಲಿಲ್ಲ.

ಎರಡನೇ ಡೋಸ್ ಹಾಕಿಸಿದ್ದರೆ ಉಳಿಯುತ್ತಿದ್ದಳು ಎಂದು ಯಾರೂ ಖಂಡಿತವಾಗಿ ಹೇಳಲಾರರು ಎನ್ನುತ್ತಾಳೆ ವನಿತಾ. ನನ್ನ ಸಮಾಧಾನಕ್ಕೆ ಹೇಳುತ್ತಾಳೆ. ಆ ಮಾತು ಹಿಡಿದುಕೊಂಡು ಇರೋಣ ಎಂದು ನೋಡಿದೆ, ಆಗಲಿಲ್ಲ. ಮರಿಯಮ್ಮನಿಗೆ ಹೇಳಬೇಕಾದದ್ದು ನನ್ನ ಮೇಜಿನ ಮೇಲೆ ದೀಪಾವಳಿ ಕಳೆದರೂ ಬಿದ್ದಿತ್ತು, ಹೊಸವರ್ಷ ಬಂದರೂ ಬಿದ್ದಿತ್ತು. ನೀನು ಅರ್ಥವಾಗದೆ ತಪ್ಪು ಮಾಡಿದೆ. ನಾನು ಅರ್ಥವಾಗಿಯೂ ಮಾಡಿದೆ. ನೀನು ಕೊರಳಪಟ್ಟಿ ಹಿಡಿದಿದ್ದರೆ ಬಿಡಿಸಿಕೊಳ್ಳುತ್ತಿರಲಿಲ್ಲ. ತಪ್ಪಾಯ್ತು ಬೈರ. ನಾನು ಈ ಮಾತನ್ನು ಅವಳಿಗೆ ಹೇಳಬೇಕಿತ್ತು.

ಭಾನುವಾರ ಬರುತ್ತೇನೆ. ಗೇಟಿನ ಹೊರಗೇ ನಿಲ್ಲುತ್ತೇನೆ. ನೀನು ಕರೆದರೂ, ಅತ್ತರೂ ಒಳಗೆ ಬರುವುದಿಲ್ಲ. ನಿನ್ನ ಮೈಗೆ ಕಾವಲಿಲ್ಲ, ನಾನು ನಿನ್ನ ಮನೆಗೆ ಏನನ್ನೂ ಹೊತ್ತು ತರಬಾರದು. ಈ ಸಲ ನನ್ನನ್ನು ಯಾರೂ ನಿಲ್ಲಿಸುತ್ತಿಲ್ಲ, ನಾನಾಗಿ ನಿಲ್ಲುತ್ತಿದ್ದೇನೆ. ಕುರ್ಚಿ ಹಾಕು, ಸಂಜೆಯವರೆಗೂ ಕೂರುತ್ತೇನೆ.

ಕಾಫಿ ಕಹಿಯಾದರೂ ಮಾಡು. ಆದರೆ ಲೋಟ ಬೇಡ. ಅವಳು ಇಟ್ಟ ಹಾಗೆಯೇ ಬೋರಲಾಗಿರಲಿ. ನನಗೆ ಪೇಪರ್ ಕಪ್ಪಿನಲ್ಲಿ ಕೊಡು, ಗೇಟಿನ ಮೇಲಿಂದ ಕೊಡು. ಅವತ್ತು ಮರಿಯಮ್ಮ ಕಪ್ಪು ಚಾಚಿಕೊಂಡು ನಿಂತಿದ್ದಳು, ಕಾಫಿ ಅವಳ ಬೆರಳ ಮೇಲೆ ಚೆಲ್ಲಿತು. ನನಗೆ ಸಿಟ್ಟಿದ್ದದ್ದು ನಿನ್ನ ಮೇಲೆ, ಗೋಡೆಯ ಮೇಲೆ ಇಟ್ಟು ಬಂದದ್ದು ಅವಳ ಕಾಫಿಯನ್ನು. ಈ ಸಲ ಕುಡಿದು ಹೋಗುತ್ತೇನೆ.

ನಿನ್ನ
ಚಲುವ